ಹೂತಿರುವ ಒಳಚರಂಡಿ ಪೈಪಿನ ದೋಷ ಥರ್ಮಲ್ ಕ್ಯಾಮೆರಾಕ್ಕೆ ಕಾಣುತ್ತದೆಯೇ? ಅಗೆಯುವ ಮುನ್ನ ಸಲಹೆ ಬೇಕಾಗಿದೆ

ಸಂಘದ_ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನಲ್ಲಿ ನಿರ್ವಹಣೆಯ ಹೊಣೆ ನನ್ನ ಮೇಲಿದೆ. ನಮ್ಮ ಬ್ಲಾಕುಗಳ ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸಿದ ದಾರಿಯಿದೆ, ಅದರ ಅಡಿಯಲ್ಲಿ 160 ಮಿ.ಮೀ. ಪಿವಿಸಿ ಒಳಚರಂಡಿ ಪೈಪು ಹೋಗಿದೆ. ಆರಂಭದಲ್ಲಿ ಎರಡು ಅಡಿ ಆಳದಲ್ಲಿರುವ ಪೈಪು ರಸ್ತೆಯ ಮ್ಯಾನ್‌ಹೋಲಿಗೆ ಸೇರುವಷ್ಟರಲ್ಲಿ ನಾಲ್ಕು ಅಡಿಗೂ ಕೆಳಗಿಳಿದಿರುತ್ತದೆ. ಕಳೆದ ಮಳೆಗಾಲದ ನಂತರ ಎರಡನೆಯ ಬ್ಲಾಕಿನ ಮುಂದೆ ಹಾಸು ಕುಸಿದು ತಗ್ಗಾಗಿದೆ, ಅದೇ ಬದಿಯ ಬೇಸ್‌ಮೆಂಟ್ ಗೋಡೆಯಲ್ಲಿ ತೇವ ಒಸರುತ್ತಿದೆ, ಮೊದಲನೆಯ ಬ್ಲಾಕಿನ ಕೆಳಗೆ ಆಗಾಗ ದುರ್ವಾಸನೆಯೂ ಬರುತ್ತಿದೆ.

ಒಂದು ಖಾಸಗಿ ಸಂಸ್ಥೆಯವರು ಬಂದು, ಒಂದು ಕಲ್ಲನ್ನೂ ಎತ್ತದೆ ಇಡೀ ಆವರಣವನ್ನು ಥರ್ಮಲ್ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ, ಹತ್ತು ಅಡಿ ಆಳದವರೆಗಿನ ಪ್ರತಿಯೊಂದು ಬಿರುಕು, ಬಿಟ್ಟುಕೊಂಡ ಜಾಯಿಂಟು ಮತ್ತು ನುಗ್ಗಿದ ಬೇರನ್ನು ಬಣ್ಣದ ನಕ್ಷೆಯಲ್ಲಿ ಗುರುತಿಸಿಕೊಡುವುದಾಗಿ ಹೇಳಿದ್ದಾರೆ. ಅವರು ತೋರಿಸಿದ ವಿಡಿಯೊದಲ್ಲಿ ನೆಲದಡಿಯ ಪೈಪು ಕೆಂಪು ಗೆರೆಯಾಗಿ ಹೊಳೆಯುವುದನ್ನು ನೋಡಿ ಸಮಿತಿಯ ಬಹುತೇಕರು ಒಪ್ಪಿಬಿಟ್ಟಿದ್ದಾರೆ. ಕೇಳಿರುವ ಮೊತ್ತ ಸಣ್ಣದಲ್ಲ. ಈ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಿ.

ಹಾಸನದ_ಸಿವಿಲ್
ಹತ್ತು ಅಡಿ ಆಳದ ಬಿರುಕು ಕಾಣುತ್ತದೆಂದು ಬರೆದುಕೊಟ್ಟಿದ್ದಾರೆಯೇ, ಅಥವಾ ಬಾಯಿಮಾತೇ? ಬರೆದುಕೊಟ್ಟಿದ್ದರೆ ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೇವಶೋಧಕ
ಕಟ್ಟಡಗಳ ತೇವ ಪತ್ತೆಗೆ ಇದೇ ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆಯುವವನು ನಾನು, ಆದ್ದರಿಂದ ಇದರ ವಿರೋಧಿಯೆಂದು ಯಾರೂ ತಿಳಿಯಬಾರದು. ಆದರೆ ಥರ್ಮಲ್ ಕ್ಯಾಮೆರಾ ನೆಲದೊಳಗೆ ಇಣುಕುವುದಿಲ್ಲ. ಸಾಮಾನ್ಯವಾಗಿ 8ರಿಂದ 14 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ವಿಕಿರಣವನ್ನು ಅದು ಗ್ರಹಿಸುತ್ತದೆ, ಮತ್ತು ಆ ವಿಕಿರಣ ಹೊರಡುವುದು ವಸ್ತುವಿನ ತೀರ ಮೇಲ್ಪದರದಿಂದ ಮಾತ್ರ. ಕಾಂಕ್ರೀಟಿರಲಿ, ಮಣ್ಣಿರಲಿ, ಒಂದು ಮಿಲಿಮೀಟರ್ ನೀರೇ ಇರಲಿ, ಅದರಾಚೆಗಿನದು ಕಾಣದು. ಕಿಟಕಿಯ ಗಾಜಿಗೆ ಹಿಡಿದರೆ ಹೊರಗಿನ ಮರದ ಬದಲು ಗಾಜಿನ ಉಷ್ಣತೆಯೇ ಪರದೆಯ ಮೇಲೆ ಬರುತ್ತದೆ.

ಹಾಗಾದರೆ ಹೂತದ್ದು ಗೊತ್ತಾಗುವುದು ಹೇಗೆ? ಒಳಗಿನ ಯಾವುದೋ ಕಾರಣದಿಂದ ಮೇಲ್ಮೈಯ ಉಷ್ಣತೆ ಅಕ್ಕಪಕ್ಕಕ್ಕಿಂತ ಬೇರೆಯಾದಾಗ ಮಾತ್ರ. ನೀರು ಕುಡಿದ ಮಣ್ಣು ಒಣ ಮಣ್ಣಿಗಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಹಗಲಿನಲ್ಲಿ ಅದು ತಂಪು ಕಲೆಯಾಗಿಯೂ ರಾತ್ರಿಯಲ್ಲಿ ಬೆಚ್ಚನೆಯ ಕಲೆಯಾಗಿಯೂ ಕಾಣಬಹುದು. ಹಾಸಿನ ಅಡಿಯಲ್ಲಿ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದ್ದರೆ ಇದಕ್ಕೆ ತದ್ವಿರುದ್ಧ: ಬಿಸಿಲಿನ ಶಾಖ ಕೆಳಗಿಳಿಯಲು ದಾರಿಯಿಲ್ಲದೆ ಆ ಜಾಗ ಹಗಲಿನಲ್ಲಿ ಹೆಚ್ಚು ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಒಡೆದ ಪೈಪಿನ ಸುತ್ತ ಸಾಮಾನ್ಯವಾಗಿ ತೇವವೂ ಪೊಳ್ಳೂ ಒಟ್ಟಿಗೇ ಇರುವುದರಿಂದ ಒಂದರ ಗುರುತನ್ನು ಇನ್ನೊಂದು ಅಳಿಸಿಬಿಡುವುದೂ ಉಂಟು. ಸೂರ್ಯೋದಯ ಮತ್ತು ಸೂರ್ಯಾಸ್ತದ ನಂತರ ಸ್ವಲ್ಪ ಹೊತ್ತು ಬಿಸಿ ತಂಪುಗಳು ಅದಲುಬದಲಾಗುವ ಘಟ್ಟವಿರುತ್ತದೆ. ಆ ವೇಳೆಯಲ್ಲಿ ಚಿತ್ರ ತೆಗೆದರೆ ಇರುವ ದೋಷವೂ ಕಾಣುವುದಿಲ್ಲ. ಯಾವ ವೇಳೆಯಲ್ಲಿ ಸ್ಕ್ಯಾನ್ ಮಾಡುತ್ತೀರಿ ಎಂದು ಆ ಸಂಸ್ಥೆಯವರನ್ನು ಕೇಳಿ. ‘ಯಾವಾಗ ಬೇಕಾದರೂ’ ಎಂದರೆ ನಿಮಗೆ ಉತ್ತರ ಸಿಕ್ಕಿತು.

ಭೌತಶಾಸ್ತ್ರ_ಮೇಷ್ಟ್ರು
ಮೇಲಿನ ವಿವರಣೆಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ, ಕಾಲೇಜಿನಲ್ಲಿ ಪಾಠ ಹೇಳಿದ ಅಭ್ಯಾಸ ಬಿಡುವುದಿಲ್ಲ.

ಮಣ್ಣಿನಲ್ಲಿ ಶಾಖ ಹರಡುವ ದರ ಸೆಕೆಂಡಿಗೆ ಸರಿಸುಮಾರು ಅರ್ಧ ಚದರ ಮಿಲಿಮೀಟರ್ ಎಂದುಕೊಳ್ಳಿ. ಈ ದರದಲ್ಲಿ ಹಗಲು–ರಾತ್ರಿಯ ಏರಿಳಿತ ಪ್ರತಿ 12 ಸೆಂಟಿಮೀಟರಿಗೆ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತ ಹೋಗುತ್ತದೆ. ಎರಡು ಅಡಿ ಆಳದಲ್ಲಿ ಅದು ಶೇಕಡ ಒಂದಕ್ಕಿಂತಲೂ ಕಡಿಮೆ. ಬಿಸಿಲಿನ ಏರಿಳಿತ ಪೈಪನ್ನು ಮುಟ್ಟುವುದೇ ಇಲ್ಲ ಎಂದಮೇಲೆ ಪೈಪಿನ ಸುದ್ದಿಯನ್ನು ಅದು ಮೇಲಕ್ಕೆ ತರುವ ಪ್ರಶ್ನೆಯೂ ಇಲ್ಲ.

ಇನ್ನು ಪೈಪಿನೊಳಗಿನ ಕೊಳಚೆ ನೀರಿನದೇ ಶಾಖ ಮೇಲೆ ಬರಬಹುದಲ್ಲವೇ ಎಂದು ಕೇಳಬಹುದು. ಬೆಂಗಳೂರಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 24 ಡಿಗ್ರಿ, ಕೆಲವು ಅಡಿ ಕೆಳಗಿನ ಮಣ್ಣೂ ಅದರ ಆಸುಪಾಸಿನಲ್ಲೇ ಇರುತ್ತದೆ. ಮನೆಗಳಿಂದ ಹರಿದುಬರುವ ನೀರು ಅದಕ್ಕಿಂತ ಮೂರು ಡಿಗ್ರಿ ಬೆಚ್ಚಗಿದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಒಂದು ಮೀಟರ್ ಆಳದ 160 ಮಿ.ಮೀ. ಪೈಪಿನಲ್ಲಿ ಆ ನೀರು ಸದಾ ತುಂಬಿ ಹರಿಯುತ್ತಿದ್ದರೂ ನೇರ ಮೇಲಿನ ನೆಲಕ್ಕೆ ತಲುಪುವುದು ಚದರ ಮೀಟರಿಗೆ ಎರಡು ವ್ಯಾಟ್‌ಗಿಂತ ಕಡಿಮೆ. ಗಾಳಿ ಮತ್ತು ಆಕಾಶಕ್ಕೆ ನೆಲ ಕಳೆದುಕೊಳ್ಳುವ ಶಾಖವನ್ನು ಲೆಕ್ಕಕ್ಕೆ ಹಿಡಿದರೆ ಮೇಲ್ಮೈಯಲ್ಲಿ ಉಳಿಯುವ ವ್ಯತ್ಯಾಸ ಡಿಗ್ರಿಯ ಹತ್ತನೆಯ ಒಂದು ಭಾಗ. ಇದು ಇಡೀ ಪೈಪಿನ ಮಾತು. ಅದರಲ್ಲಿರುವ ಕೂದಲೆಳೆಯ ಬಿರುಕಿನ ಬಗ್ಗೆ ನೀವೇ ಊಹಿಸಿಕೊಳ್ಳಿ.

ಕ್ಷೇತ್ರಾನುಭವಿ
ಕಾಗದದ ಮೇಲಿನ ಲೆಕ್ಕ ಬೇರೆ, ಕ್ಷೇತ್ರದ ಅನುಭವ ಬೇರೆ. ನಾನು ಇದೇ ವೃತ್ತಿಯಲ್ಲಿದ್ದೇನೆ. ಈಗಿನ ಉತ್ತಮ ಕ್ಯಾಮೆರಾಗಳು 640×480 ಬಿಂದುಗಳ ಚಿತ್ರ ಕೊಡುತ್ತವೆ, ಡಿಗ್ರಿಯ ನೂರರಲ್ಲಿ ನಾಲ್ಕು ಭಾಗದಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತವೆ. ಮೇಷ್ಟ್ರು ಹೇಳಿದ ಹತ್ತನೆಯ ಒಂದು ಭಾಗ ಅದಕ್ಕಿಂತ ದೊಡ್ಡದೇ ಆಯಿತಲ್ಲ! ಹೀಗೆ ಸ್ಕ್ಯಾನ್ ಮಾಡಿ ಗುರುತಿಸಿದ ಜಾಗದಲ್ಲಿ ಅಗೆದಾಗ ಸೋರಿಕೆ ಸಿಕ್ಕಿದ ಕೆಲಸಗಳನ್ನು ನಾನು ಮಾಡಿದ್ದೇನೆ. ತಂತ್ರಜ್ಞಾನವನ್ನು ಬಳಸದವರು ಕುಳಿತಲ್ಲೇ ಅದು ಸುಳ್ಳೆಂದು ತೀರ್ಪು ಕೊಡುವುದು ಸರಿಯಲ್ಲ.

ಭೌತಶಾಸ್ತ್ರ_ಮೇಷ್ಟ್ರು
ಕ್ಯಾಮೆರಾದ ಸೂಕ್ಷ್ಮತೆಯ ಬಗ್ಗೆ ನನಗೆ ತಕರಾರಿಲ್ಲ ಸರ್, ನೆಲದ ಬಗ್ಗೆ ತಕರಾರಿದೆ. ಇಂಟರ್‌ಲಾಕ್ ಹಾಸಿನಲ್ಲಿ ಕೆಂಪು ಇಟ್ಟಿಗೆಯ ಪಕ್ಕ ಬೂದು ಇಟ್ಟಿಗೆಯಿದ್ದರೆ ಬಿಸಿಲಿಗೆ ಅವುಗಳ ನಡುವೆಯೇ ಹಲವು ಡಿಗ್ರಿ ಅಂತರ ಬರುತ್ತದೆ. ಮಧ್ಯಾಹ್ನದವರೆಗೆ ಕಾರು ನಿಂತಿದ್ದ ಜಾಗ, ಬೇವಿನ ಮರದ ನೆರಳು ಬಿದ್ದ ಜಾಗ, ಪಾಚಿ ಕಟ್ಟಿದ ಸಂದು, ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದಾಗ ಹರಿದ ಜಾಗ, ಇವೆಲ್ಲವೂ ಪೈಪಿನ ಹತ್ತನೆಯ ಒಂದು ಭಾಗಕ್ಕಿಂತ ಬಹಳ ದೊಡ್ಡ ಗುರುತನ್ನು ಉಳಿಸುತ್ತವೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಬೇಕಾದರೆ ಕಿವಿ ಚುರುಕಾಗಿದ್ದರೆ ಸಾಲದು.

ನೀವು ಕಂಡುಹಿಡಿದ ಸೋರಿಕೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವು ಬಹುಶಃ ತೇವ ಮೇಲಿನವರೆಗೂ ಏರಿಬಂದಿದ್ದ ಜಾಗಗಳು. ಅಲ್ಲಿ ನಿಮಗೆ ಕಂಡದ್ದು ತೇವ. ಪೈಪಿನ ಯಾವ ಭಾಗದಲ್ಲಿ ಯಾವ ಬಗೆಯ ದೋಷವಿದೆ ಎಂಬುದು ಅಗೆದ ಮೇಲೆಯೇ ತಿಳಿದಿರುತ್ತದೆ, ಅಲ್ಲವೇ?

ಕ್ಷೇತ್ರಾನುಭವಿ
ತೇವ ಮೇಲೆ ಬಂದ ಜಾಗ ಎಂಬುದನ್ನು ಒಪ್ಪುತ್ತೇನೆ. ಆದರೆ ಗಿರಾಕಿಗೆ ಬೇಕಾದದ್ದೂ ಅದೇ ತಾನೇ? ಎಲ್ಲಿ ಅಗೆಯಬೇಕೆಂದು ಗೊತ್ತಾದರೆ ಸಾಕು.

ಪ್ಲಂಬಿಂಗ್_ರಾಮನಗರ
ಸಾಲದು. ನೀರು ಪೈಪಿನ ಸುತ್ತ ಹಾಕಿದ ಸಡಿಲ ಮಣ್ಣಿನಲ್ಲೇ ಇಳಿಜಾರಿನತ್ತ ಹರಿದು, ಗಟ್ಟಿ ನೆಲ ಸಿಕ್ಕಿದ ಕಡೆ ಮೇಲೆ ಬರುತ್ತದೆ. ತೇವ ಕಂಡ ಜಾಗದಲ್ಲಿ ಗುಂಡಿ ತೋಡಿ, ಒಳ್ಳೆಯ ಪೈಪನ್ನು ನೋಡಿ, ಮತ್ತೆ ಮುಚ್ಚಿದ ಕೆಲಸಗಳು ನಮ್ಮ ಕಸುಬಿನಲ್ಲಿ ಬೇಕಾದಷ್ಟಿವೆ.

ಡೆಲ್ಫ್ಟ್_ಕನ್ನಡಿಗ
ನೆದರ್‌ಲೆಂಡ್ಸ್‌ನಲ್ಲಿದ್ದೇನೆ. ಕೆಂಪು ಗೆರೆ ಹೊಳೆಯುವ ಆ ವಿಡಿಯೊ ಯಾವುದರದ್ದಿರಬಹುದೆಂದು ನನಗೊಂದು ಅಂದಾಜಿದೆ. ಉತ್ತರ ಯುರೋಪಿನ ಅನೇಕ ನಗರಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ಒಂದೇ ಸ್ಥಾವರದಿಂದ ಬಿಸಿನೀರನ್ನು ನೆಲದಡಿಯ ಕೊಳವೆಗಳಲ್ಲಿ ಕಳುಹಿಸುತ್ತಾರೆ. ಅದರ ಉಷ್ಣತೆ 80–90 ಡಿಗ್ರಿಯವರೆಗೂ ಇರುತ್ತದೆ, ಸುತ್ತಲಿನ ನೆಲ ಚಳಿಗಾಲದಲ್ಲಿ ಸೊನ್ನೆಯ ಹತ್ತಿರ. ಅಂಥ ಪೈಪು ಸೋರಿದರೆ ವಿಮಾನದಿಂದ ತೆಗೆದ ಉಷ್ಣಚಿತ್ರದಲ್ಲೂ ಎದ್ದು ಕಾಣುತ್ತದೆ, ಇಲ್ಲಿ ಅದು ರೂಢಿಯಲ್ಲಿರುವ ವಿಧಾನವೇ. ಅದನ್ನು ಬೆಂಗಳೂರಿನ ಒಳಚರಂಡಿಯ ಚಿತ್ರವೆಂದು ತೋರಿಸಿದರೆ ಅದು ಮೋಸ.

ಒಳಚರಂಡಿಗೂ ಉಷ್ಣತೆಯ ಅಳತೆ ಉಪಯೋಗಕ್ಕೆ ಬರುತ್ತದೆ, ಆದರೆ ಅಳೆಯಬೇಕಾದದ್ದು ಪೈಪಿನ ಒಳಗಿನಿಂದ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2009ರ ಹೊತ್ತಿಗೇ ಮಳೆನೀರಿನ ಚರಂಡಿಯ ಉದ್ದಕ್ಕೂ ಆಪ್ಟಿಕಲ್ ಫೈಬರ್ ಕೇಬಲ್ ಹಾಸಿ, ಅದರ ಮೂಲಕ ಲೇಸರ್ ಮಿಡಿತಗಳನ್ನು ಕಳುಹಿಸಿ, ಒಂದೆರಡು ಮೀಟರಿಗೊಮ್ಮೆ ಉಷ್ಣತೆ ಎಷ್ಟಿದೆ ಎಂಬುದನ್ನು ನಿರಂತರವಾಗಿ ದಾಖಲಿಸಿದ್ದರು. ಯಾವುದೋ ಮನೆಯವರು ಸ್ನಾನದ ನೀರನ್ನು ಅಕ್ರಮವಾಗಿ ಮಳೆನೀರಿನ ಪೈಪಿಗೆ ಜೋಡಿಸಿದ್ದರೆ, ಅವರು ಸ್ನಾನ ಮಾಡಿದಾಗಲೆಲ್ಲ ಆ ಬಿಂದುವಿನಲ್ಲಿ ಉಷ್ಣತೆ ಜಿಗಿಯುತ್ತದೆ. ಮುಂದೆ ಅವಕೆಂಪು ಕ್ಯಾಮೆರಾವನ್ನೇ ಪೈಪಿನೊಳಗೆ ಇಳಿಸಿ, ಪಕ್ಕದ ಜೋಡಣೆಗಳಿಂದ ಬರುವ ನೀರನ್ನೂ ಹೊರಗಿನಿಂದ ಒಳನುಗ್ಗುವ ಅಂತರ್ಜಲವನ್ನೂ ಗುರುತಿಸುವ ಪ್ರಯೋಗಗಳೂ ಇಲ್ಲಿ ನಡೆದವು. ಒಳಗಿನಿಂದ ನೋಡುವಾಗ ನಡುವೆ ಮಣ್ಣಿಲ್ಲವಾದ್ದರಿಂದ ಮೇಷ್ಟ್ರ ಲೆಕ್ಕದ ತೊಡಕು ಅನ್ವಯಿಸುವುದಿಲ್ಲ. ಲೆನ್ಸಿನ ಮೇಲೆ ಹಬೆ ಕೂರುವುದು, ನೀರಿನ ಮಟ್ಟದ ಕೆಳಗಿನದು ಕಾಣದಿರುವುದು ಅಲ್ಲಿನ ಬೇರೆ ಕಷ್ಟಗಳು.

ಹಾಸನದ_ಸಿವಿಲ್
ಡ್ರೋನ್‌ನಿಂದ ಹೊಲದಡಿಯ ಬಸಿಗಾಲುವೆ ಪೈಪುಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ಪತ್ತೆಹಚ್ಚುತ್ತಾರೆ ಎಂದು ಓದಿದ್ದೆನಲ್ಲ? ಅದೂ ನೆಲದಡಿಯದ್ದೇ.

ತೇವಶೋಧಕ
ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಒಹಾಯೊ ಮೊದಲಾದ ಕಡೆ ಮಾಡಿದ ಕೆಲಸ ಅದು. ಅಲ್ಲಿಯೂ ಕ್ಯಾಮೆರಾಕ್ಕೆ ಕಾಣುವುದು ಪೈಪಲ್ಲ. ಪೈಪು ನೀರನ್ನು ಬಸಿದುಕೊಂಡದ್ದರಿಂದ ಅದರ ನೇರ ಮೇಲಿನ ಮಣ್ಣು ಅಕ್ಕಪಕ್ಕಕ್ಕಿಂತ ಬೇಗ ಒಣಗುತ್ತದೆ, ಆ ಒಣ ಪಟ್ಟೆ ಚಿತ್ರದಲ್ಲಿ ಬರುತ್ತದೆ. ಕೆಲವು ಹೊಲಗಳಲ್ಲಿ ಚೆನ್ನಾಗಿ ಕಂಡಿದೆ, ಕೆಲವಲ್ಲಿ ಏನೂ ಕಂಡಿಲ್ಲ. ಅದೂ ಬರಿಯ ಹೊಲ, ಮೇಲೆ ಇಂಟರ್‌ಲಾಕ್ ಹಾಸಿರಲಿಲ್ಲ.

ನಿವೃತ್ತ_ಅಭಿಯಂತರೆ
ನೀರು ಸರಬರಾಜು ಮತ್ತು ಒಳಚರಂಡಿ ಕೆಲಸಗಳಲ್ಲಿ ವೃತ್ತಿಜೀವನ ಕಳೆದವಳಾಗಿ ಕಾರ್ಯದರ್ಶಿಯವರಿಗೆ ಒಂದು ಮಾತು. ನೀವು ಮೂರು ತೊಂದರೆಗಳನ್ನು ಹೇಳಿದ್ದೀರಿ: ಹಾಸಿನ ಕುಸಿತ, ಗೋಡೆಯ ತೇವ, ದುರ್ವಾಸನೆ. ಮೂರಕ್ಕೂ ಒಂದೇ ಪೈಪು ಕಾರಣವೆಂದು ಮೊದಲೇ ನಿರ್ಧರಿಸಿ ಉಪಕರಣ ಹುಡುಕಲು ಹೊರಟಿರುವುದು ನನಗೆ ಸರಿಕಾಣಲಿಲ್ಲ.

ಮೊದಲು ಗೋಡೆಯಲ್ಲಿ ಒಸರುವ ನೀರು ಯಾವುದೆಂದು ತಿಳಿಯಿರಿ. ಅದು ಕೊಳಚೆಯೋ, ಸಂಪಿನ ಕಾವೇರಿ ನೀರೋ, ಮಳೆಯ ನೀರೋ? ಒಸರುವ ನೀರನ್ನು ಬಾಟಲಿಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಕೊಟ್ಟು ಅಮೋನಿಯಾ ಮತ್ತು ಮಲಮೂಲದ ಬ್ಯಾಕ್ಟೀರಿಯಾ ನೋಡಿಸಿದರೆ ಕೊಳಚೆಯ ಸಂಶಯ ಬಹುಮಟ್ಟಿಗೆ ತೀರುತ್ತದೆ. ರಾತ್ರಿ ಒಳಬರುವ ವಾಲ್ವನ್ನೂ ಪಂಪನ್ನೂ ನಿಲ್ಲಿಸಿ, ಸಂಪಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಸಂಪಿನ ವಿಷಯವೂ ತಿಳಿಯುತ್ತದೆ. ಆಮೇಲೆ ಚೇಂಬರುಗಳ ಮುಚ್ಚಳ ತೆಗೆಸಿ ಬಣ್ಣದ ಪರೀಕ್ಷೆ ಮಾಡಿ. ಫ್ಲೋರೆಸೀನ್ ಬಣ್ಣವನ್ನು ಮೇಲಿನ ಚೇಂಬರಿನಲ್ಲಿ ಸುರಿದರೆ ಕೆಳಗಿನ ಚೇಂಬರಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಗೋಡೆಯಲ್ಲಿ ಹಸಿರು ಕಾಣುತ್ತದೆಯೇ ಎಂದು ಗಮನಿಸಬಹುದು. ಗೋಡೆಗೆ ತಲುಪಲು ದಿನಗಳೇ ಹಿಡಿಯಬಹುದಾದ್ದರಿಂದ ತಾಳ್ಮೆ ಬೇಕು.

ಪೈಪನ್ನೇ ಪರೀಕ್ಷಿಸಬೇಕೆಂದರೆ ಎರಡು ಚೇಂಬರುಗಳ ನಡುವಿನ ಒಂದೊಂದು ತುಂಡನ್ನೂ ಕೆಳತುದಿಯಲ್ಲಿ ಗಾಳಿ ತುಂಬುವ ಪ್ಲಗ್‌ನಿಂದ ಮುಚ್ಚಿ, ನೀರು ತುಂಬಿಸಿ, ಮೇಲಿನ ಚೇಂಬರಿನಲ್ಲಿ ಮಟ್ಟ ಇಳಿಯುತ್ತದೆಯೇ ಎಂದು ನೋಡುವುದು ಹಳೆಯ ಮತ್ತು ಅಗ್ಗದ ವಿಧಾನ. ಸೋರುವ ತುಂಡು ಯಾವುದೆಂದು ಗೊತ್ತಾದ ಮೇಲೆ ಆ ತುಂಡನ್ನು ಮಾತ್ರ ಜೆಟ್ಟಿಂಗ್ ಮಾಡಿಸಿ, ಅಂದರೆ ರಭಸದ ನೀರಿನಿಂದ ತೊಳೆಸಿ, ಸಿಸಿಟಿವಿ ಕ್ಯಾಮೆರಾ ಇಳಿಸಿ. ಬಿರುಕು, ಜರುಗಿದ ಜಾಯಿಂಟು, ಬೇರು, ಪೈಪು ಬಗ್ಗಿ ನೀರು ನಿಂತಿರುವ ಜಾಗ, ಇವೆಲ್ಲವೂ ಚೇಂಬರಿನಿಂದ ಎಷ್ಟು ಮೀಟರ್ ದೂರದಲ್ಲಿವೆ ಎಂಬ ಅಳತೆಯೊಂದಿಗೆ ಕಣ್ಣಿಗೇ ಕಾಣುತ್ತವೆ. ಪಿವಿಸಿ ವಿದ್ಯುತ್ ಹರಿಯಗೊಡದ ವಸ್ತುವಾದ್ದರಿಂದ, ನೀರು ತುಂಬಿದ ಪೈಪಿನೊಳಗೆ ವಿದ್ಯುತ್ ಶೋಧಕವನ್ನು ಎಳೆದು ಎಲ್ಲೆಲ್ಲಿ ಪ್ರವಾಹ ಹೊರಸೋರುತ್ತದೆ ಎಂದು ಅಳೆಯುವ ವಿಧಾನವೂ ಇದೆ. ಎಎಸ್‌ಟಿಎಂ ಎಫ್2550 ಎಂಬ ಅಮೆರಿಕದ ಮಾನಕ ಅದಕ್ಕಿದೆ. ಸಿಸಿಟಿವಿಗೆ ಕಾಣದ ಜಾಯಿಂಟಿನ ಸೋರಿಕೆಯನ್ನೂ ಅದು ಹಿಡಿಯುತ್ತದೆ.

ಕೊನೆಯದಾಗಿ, ಯಾವ ಪರೀಕ್ಷೆಯಾದರೂ ಸರಿ, ‘ಸ್ವಲ್ಪ ಇಳಿದು ನೋಡಿ ಬಾ’ ಎಂದು ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ಅದನ್ನು ನಿಷೇಧಿಸಿದೆ, ಅಪಾರ್ಟ್‌ಮೆಂಟ್ ಸಂಘಗಳೂ ಅದರಿಂದ ಹೊರತಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಅದರ ವಾಸನೆಯನ್ನು ಗ್ರಹಿಸುವ ಶಕ್ತಿಯೇ ಮೂಗಿಗೆ ಉಳಿಯುವುದಿಲ್ಲ ಎಂಬುದು ನೆನಪಿರಲಿ.

ಪ್ಲಂಬಿಂಗ್_ರಾಮನಗರ
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಪ್ಲಗ್ ಸಿಗದಿದ್ದರೆ ಮರಳು ತುಂಬಿದ ಗೋಣಿಚೀಲ ತುರುಕಿಯೂ ನೀರು ನಿಲ್ಲಿಸುತ್ತಾರೆ, ಆದರೆ ಚೀಲಕ್ಕೆ ಹಗ್ಗ ಕಟ್ಟಿರಲೇಬೇಕು. ಚೀಲ ಪೈಪಿನೊಳಗೆ ಜಾರಿಹೋದರೆ ಹೊಸ ತೊಂದರೆ ಶುರು.

ಧಾರವಾಡ_ಎರೆಮಣ್ಣು
ನಮ್ಮ ಕಡೆಯ ಎರೆ ಭೂಮಿಯಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪೈಪಿನ ಜಾಯಿಂಟುಗಳು ವರ್ಷವರ್ಷವೂ ಅಲುಗಾಡುತ್ತವೆ. ಬೇಸಿಗೆಯಲ್ಲಿ ಉಷ್ಣಚಿತ್ರ ತೆಗೆದರೆ ನೆಲದ ಬಿರುಕುಗಳೇ ಗೆರೆಗಳಾಗಿ ಕಂಡು, ಪೈಪು ಯಾವುದು ಬಿರುಕು ಯಾವುದು ಎಂದು ತಿಳಿಯುವುದಿಲ್ಲ. ರೇಡಿಯೊ ಅಲೆಗಳಿಂದ ನೆಲದಡಿಯದ್ದನ್ನು ಹುಡುಕುವ ನೆಲದ ರೇಡಾರ್ ತರಿಸೋಣವೆಂದರೆ ಜೇಡಿಮಣ್ಣಿನಲ್ಲಿ ಅದರ ಅಲೆಗಳೂ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ನಮಗೆ ಸಿಸಿಟಿವಿಯೇ ಗತಿ.

ಕುಡ್ಲದ_ಮಳೆ
ಮಂಗಳೂರಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಅಂತರ್ಜಲ ಪೈಪಿಗಿಂತ ಮೇಲೇ ಇರುವ ಜಾಗಗಳು ಬೇಕಾದಷ್ಟಿವೆ. ಅಲ್ಲಿ ಕೊಳಚೆ ಹೊರಗೆ ಸೋರುವುದಕ್ಕಿಂತ ಹೊರಗಿನ ನೀರು ಒಳಗೆ ನುಗ್ಗುವುದೇ ಹೆಚ್ಚು. ಹಾಗಾಗಿ ಒಡೆದ ಪೈಪಿನ ಮೇಲಿನ ಮಣ್ಣು ಉಳಿದ ಮಣ್ಣಿಗಿಂತ ಹೆಚ್ಚು ಒದ್ದೆಯಾಗಿರುವುದಿಲ್ಲ. ಇಡೀ ಅಂಗಳವೇ ಒದ್ದೆಯಾಗಿರುವಾಗ ಥರ್ಮಲ್ ಚಿತ್ರದಲ್ಲಿ ಹುಡುಕುವುದಾದರೂ ಏನನ್ನು?

ಜಯನಗರ_ಹಳೆಮನೆ
ನನ್ನದು ಸಣ್ಣ ಪ್ರಶ್ನೆ. ಅಪಾರ್ಟ್‌ಮೆಂಟ್ ಅಲ್ಲ, ಹಳೆಯ ಸ್ವಂತ ಮನೆ. ನೆಲ ಅಂತಸ್ತಿನ ಬಚ್ಚಲಿನಿಂದ ಹೊರಡುವ ಪೈಪು ಟೈಲ್ಸ್ ಕೆಳಗೆ ಸುಮಾರು ನಾಲ್ಕು ಇಂಚಿನಲ್ಲಿ ಹಜಾರದಡಿ ಹಾದುಹೋಗುತ್ತದೆ, ನಿಖರವಾಗಿ ಎಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆಯಂತೆ. ಇಷ್ಟು ಕಡಿಮೆ ಆಳದಲ್ಲಿಯಾದರೂ ಕಾಣಬಹುದೇ?

ತೇವಶೋಧಕ
ಕಾಣಬಹುದು, ಆದರೆ ಶಾಖವನ್ನು ನೀವೇ ಒದಗಿಸಬೇಕು. ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇದ್ದರೆ ಕೆಲಸ ಸುಲಭ. ಮನೆಯ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಬಿಸಿಲು ಬೀಳದ ಹೊತ್ತಿನಲ್ಲಿ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಬಚ್ಚಲಿನ ಕೊಳವೆಗೆ ಬಿಸಿನೀರನ್ನು ಸಣ್ಣಗೆ, ಬಹಳ ಹೊತ್ತು ಬಿಡಿ. ಒಂದು ಬಕೆಟ್ಟನ್ನು ಒಮ್ಮೆಗೇ ಸುರಿದರೆ ನೀರು ಓಡಿಹೋಗುತ್ತದೆಯೇ ಹೊರತು ಸುತ್ತಲಿನ ಕಾಂಕ್ರೀಟು ಕಾಯುವುದಿಲ್ಲ. ಎರಡು ಇಂಚು ದಪ್ಪಕ್ಕೆ ಶಾಖ ಏರಲು ಮುಕ್ಕಾಲು ಗಂಟೆಯಾದರೂ ಬೇಕು, ನಾಲ್ಕು ಇಂಚಿಗೆ ಅದರ ನಾಲ್ಕು ಪಟ್ಟು. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಆಗಿರುವ ಬದಲಾವಣೆಯನ್ನು ನೋಡಬೇಕು, ಒಂದೇ ಚಿತ್ರದ ಬಣ್ಣಗಳನ್ನಲ್ಲ. ಗೆರೆಯಂತೆ ಸಾಗುತ್ತಿದ್ದ ಬೆಚ್ಚನೆಯ ಪಟ್ಟೆ ಒಂದು ಕಡೆ ಹೂಜಿಯ ಹೊಟ್ಟೆಯಂತೆ ಅಗಲವಾದರೆ ಅಲ್ಲಿ ನೀರು ಹೊರಗೆ ಹರಡುತ್ತಿರಬಹುದು.

ಮೊಬೈಲ್ ಕ್ಯಾಮೆರಾ 160×120 ಬಿಂದುಗಳದ್ದಾದರೂ ಈ ಕೆಲಸಕ್ಕೆ ಸಾಕು. ನುಣುಪು ಟೈಲ್ಸ್ ಮೇಲೆ ನಿಮ್ಮದೇ ಮೈಯ ಶಾಖ ಪ್ರತಿಫಲಿಸುತ್ತದೆ. ನೀವು ಸರಿದಂತೆ ಕಲೆಯೂ ಸರಿದರೆ ಅದು ನಿಮ್ಮ ಬಿಂಬ.

ಪ್ಲಂಬಿಂಗ್_ರಾಮನಗರ
ಕುದಿಯುವ ನೀರನ್ನು ಮಾತ್ರ ಸುರಿಯಬೇಡಿ. ಪಿವಿಸಿ ಪೈಪು 60 ಡಿಗ್ರಿಯಾಚೆಗೆ ಮೆತ್ತಗಾಗಲು ಶುರುವಾಗುತ್ತದೆ. ಹಳೆಯ ಮನೆಯಾದರೆ ಹೊರಗಿನ ಪೈಪು ಸಿಮೆಂಟಿನಿಂದ ಜೋಡಿಸಿದ ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನದು, ಆಗಿರಬಹುದು, ಅದರ ಜಾಯಿಂಟಿನಲ್ಲಿ ಬೇರು ನುಗ್ಗುವುದು ತೀರ ಸಾಮಾನ್ಯ. ಅಂಗಳದಲ್ಲಿ ತೆಂಗು ಅಥವಾ ಅರಳಿ ಇದೆಯೇ?

ಜಯನಗರ_ಹಳೆಮನೆ
ಎರಡೂ ಇವೆ!

ಕೆರೆಕಾವಲು
ಚರ್ಚೆ ಸ್ವಲ್ಪ ಪಕ್ಕಕ್ಕೆ ಸರಿದರೂ ಒಂದು ಮಾತು. ಥರ್ಮಲ್ ಕ್ಯಾಮೆರಾ ನಮ್ಮ ಊರಿನಲ್ಲಿ ನಿಜವಾಗಿ ಬೇಕಾಗಿರುವುದು ರಾಜಕಾಲುವೆಗಳ ಬಳಿ. ಮಳೆನೀರು ಮಾತ್ರ ಹರಿಯಬೇಕಾದ ಕಾಲುವೆಗೆ ಯಾವ ಯಾವ ಪೈಪು ಕೊಳಚೆ ತರುತ್ತದೆ ಎಂದು ಕಂಡುಹಿಡಿಯಲು ಅಗೆಯಬೇಕಾಗಿಲ್ಲ, ಪೈಪಿನ ಬಾಯಿ ಬಯಲಿನಲ್ಲೇ ಇರುತ್ತದೆ. ಡಿಸೆಂಬರ್–ಜನವರಿಯ ಬೆಳಿಗ್ಗೆ, ಎಲ್ಲರೂ ಸ್ನಾನ ಮಾಡುವ ವೇಳೆಗೆ ಎದುರು ದಡದಲ್ಲಿ ನಿಂತು ನೋಡಿದರೆ ಬೆಚ್ಚನೆಯ ನೀರು ಬರುವ ಬಾಯಿಗಳು ಬೇರೆಯಾಗಿಯೇ ಕಾಣುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನೆರವಿನಿಂದ 2004ರಲ್ಲಿ ಬಂದ ಅಕ್ರಮ ಜೋಡಣೆಗಳ ಕೈಪಿಡಿಯಲ್ಲೂ ಈ ತಂತ್ರದ ಪ್ರಸ್ತಾಪವಿದೆ.

ಹಾಸನದ_ಸಿವಿಲ್
ರಾಜಕಾಲುವೆಯಲ್ಲಿ ಕೊಳಚೆ ಕಂಡುಹಿಡಿಯಲು ಕ್ಯಾಮೆರಾ ಏಕೆ ಸ್ವಾಮಿ, ಮೂಗು ಸಾಕು.

ಕೆರೆಕಾವಲು
ಕೊಳಚೆ ಇದೆ ಎಂದು ಮೂಗು ಹೇಳುತ್ತದೆ, ಯಾವ ಪೈಪಿನದೆಂದು ಹೇಳುವುದಿಲ್ಲ. ದೂರು ಕೊಡುವಾಗ ಅಧಿಕಾರಿಗಳು ಕೇಳುವುದು ಎರಡನೆಯದನ್ನು.

ಕ್ಷೇತ್ರಾನುಭವಿ
ಇಷ್ಟು ಹೊತ್ತು ಓದಿದ ಮೇಲೆ ನನ್ನ ನಿಲುವನ್ನು ಸ್ಪಷ್ಟಪಡಿಸುತ್ತೇನೆ. ನೆಲದ ಮೇಲಿನಿಂದ ಪೈಪಿನ ಬಿರುಕು ಕಾಣುತ್ತದೆಂದು ನಾನು ಯಾವ ಗಿರಾಕಿಗೂ ಹೇಳುವುದಿಲ್ಲ, ಹೇಳುವವರನ್ನು ಸಮರ್ಥಿಸುವುದೂ ಇಲ್ಲ. ಹಾಸಿನ ಅಡಿಯಲ್ಲಿ ಪೊಳ್ಳಾಗಿರುವ ಜಾಗವನ್ನು ಗುರುತಿಸುವುದು ಮಾತ್ರ ಸಾಧ್ಯವಿರುವ ಕೆಲಸ. ಸೇತುವೆಗಳ ಕಾಂಕ್ರೀಟ್ ಹಾಸಿನಲ್ಲಿ ಪದರ ಬಿಟ್ಟುಕೊಂಡಿರುವುದನ್ನು ಹೀಗೆ ಹುಡುಕಲು ಎಎಸ್‌ಟಿಎಂ ಡಿ4788 ಎಂಬ ಮಾನಕವೇ ಇದೆ. ಹಾಸು ಹಿಂದಿನ ದಿನವಿಡೀ ಒಣಗಿರಬೇಕು, ಬಿಸಿಲು ಚೆನ್ನಾಗಿರಬೇಕು. ಕಾರ್ಯದರ್ಶಿಯವರ ಆವರಣದಲ್ಲಿ ಕುಸಿದ ಜಾಗ ಕಣ್ಣಿಗೇ ಕಾಣುತ್ತಿರುವಾಗ ಅದಕ್ಕಾಗಿ ದುಡ್ಡು ಕೊಡಬೇಕೇ ಎಂಬುದು ಬೇರೆ ವಿಷಯ.

ಭೌತಶಾಸ್ತ್ರ_ಮೇಷ್ಟ್ರು
ಈಗ ನಮ್ಮಿಬ್ಬರ ನಡುವೆ ಜಗಳವೇ ಉಳಿಯಲಿಲ್ಲವಲ್ಲ ಸರ್!

ಸಂಘದ_ಕಾರ್ಯದರ್ಶಿ
ಎಲ್ಲರಿಗೂ ಧನ್ಯವಾದಗಳು. ನಡೆದದ್ದನ್ನು ತಿಳಿಸುತ್ತೇನೆ. ಸ್ಕ್ಯಾನ್ ಮಾಡುವ ವೇಳೆಯ ಬಗ್ಗೆ ಕೇಳಿದಾಗ ಆ ಸಂಸ್ಥೆಯವರು ಹಗಲು ಯಾವಾಗಲಾದರೂ ಸರಿ ಎಂದರು. ಹತ್ತು ಅಡಿಯ ಮಾತನ್ನು ಕೊಟೇಶನ್ನಿನಲ್ಲಿ ಬರೆದುಕೊಡಿ ಎಂದಾಗ ಆಮೇಲೆ ಕರೆ ಮಾಡುತ್ತೇವೆಂದರು, ಕರೆ ಬರಲಿಲ್ಲ.

ಅಭಿಯಂತರೆ ಮೇಡಂ ಹೇಳಿದ ಕ್ರಮದಲ್ಲಿಯೇ ಹೋದೆವು. ಗೋಡೆಯ ನೀರಿನಲ್ಲಿ ಕೊಳಚೆಯ ಗುರುತು ಸಿಗಲಿಲ್ಲ, ಸಂಪಿನ ಮಟ್ಟವೂ ಇಳಿದಿರಲಿಲ್ಲ. ಆದರೆ ಕುಸಿದ ಜಾಗದ ಪೈಪಿನ ತುಂಡಿಗೆ ನೀರು ತುಂಬಿಸಿದಾಗ ಮಟ್ಟ ಕಣ್ಣೆದುರೇ ಇಳಿಯಿತು. ಸಿಸಿಟಿವಿ ಇಳಿಸಿದಾಗ ಒಂದು ಜಾಯಿಂಟು ಕಳಚಿ, ಸಂದಿನಿಂದ ಮಣ್ಣು ಒಳಗೆ ಬಂದಿರುವುದು ಕಂಡಿತು. ಗೋಡೆಗೆ ಒಬ್ಬ ಪರಿಚಿತರಿಂದ ಥರ್ಮಲ್ ಕ್ಯಾಮೆರಾ ತಂದು ಬೇಸ್‌ಮೆಂಟಿನ ಒಳಗಿನಿಂದ ಹಿಡಿದೆವು. ತಂಪು ಪಟ್ಟೆ ಪೈಪಿರುವ ದಿಕ್ಕಿನಿಂದ ಬರದೆ, ಇನ್ನೊಂದು ಬದಿಯ ಮಳೆನೀರು ಇಂಗುಗುಂಡಿಯ ಕಡೆಯಿಂದ ಇಳಿದು ಬಂದಂತೆ ಕಾಣುತ್ತದೆ. ಗುಂಡಿಯನ್ನು ಗೋಡೆಗೆ ತೀರ ಹತ್ತಿರದಲ್ಲಿ ತೋಡಲಾಗಿದೆ. ದುರ್ವಾಸನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ತೇವಶೋಧಕ
ಗೋಡೆಯ ತಂಪು ಪಟ್ಟೆಯನ್ನು ತೇವಮಾಪಕದಿಂದ ಒಮ್ಮೆ ಖಚಿತಪಡಿಸಿಕೊಳ್ಳಿ. ಮಣ್ಣಿಗೆ ತಾಗಿದ ಗೋಡೆಯ ಕೆಳಭಾಗ ಒಣಗಿದ್ದರೂ ತಂಪಾಗಿಯೇ ಕಾಣುತ್ತದೆ. ಸೂಜಿ ಚುಚ್ಚುವ ಸಣ್ಣ ಮಾಪಕ ಸಾಕು.

ನಿವೃತ್ತ_ಅಭಿಯಂತರೆ
ಹಾಗಾದರೆ ಎರಡು ಬೇರೆ ಬೇರೆ ಕೆಲಸಗಳಾದವು. ಮುಂದಿನ ಮಳೆಗೆ ಮುನ್ನ ಇಂಗುಗುಂಡಿಗೆ ಹೋಗುವ ಪೈಪನ್ನು ತಾತ್ಕಾಲಿಕವಾಗಿ ಬೇರೆಡೆ ತಿರುಗಿಸಿ, ಗೋಡೆ ಒಣಗುತ್ತದೆಯೇ ನೋಡಿ, ಆಮೇಲೆ ಗುಂಡಿಯನ್ನು ಸ್ಥಳಾಂತರಿಸುವ ಖರ್ಚು ಮಾಡಿ. ಸಿಸಿಟಿವಿಯ ವಿಡಿಯೊ ಮತ್ತು ದೂರದ ಅಳತೆಗಳ ಪ್ರತಿಯನ್ನು ಸಂಘದ ಕಡತದಲ್ಲಿ ಇಟ್ಟುಕೊಳ್ಳಿ, ದುರಸ್ತಿಯಾದ ಮೇಲೆ ಇನ್ನೊಮ್ಮೆ ಕ್ಯಾಮೆರಾ ಇಳಿಸಿ ಹೋಲಿಸಿದ ನಂತರವೇ ಪೂರ್ತಿ ಹಣ ಪಾವತಿಸಿ.

ಪ್ಲಂಬಿಂಗ್_ರಾಮನಗರ
ಗುಂಡಿ ಮುಚ್ಚುವಾಗ ಪೈಪಿನ ಕೆಳಗೂ ಪಕ್ಕಕ್ಕೂ ಮರಳು ಹಾಕಿ ಪದರಪದರವಾಗಿ ದಮ್ಮಸ್ಸು ಮಾಡಿಸಿ. ಕಟ್ಟಡದ ರಾಡಿ, ಒಡೆದ ಟೈಲ್ಸ್ ತುಂಬಿಸಿದರೆ ಅದೇ ಜಾಯಿಂಟು ಮತ್ತೆ ಕಳಚುತ್ತದೆ. ವಾಸನೆಯ ವಿಷಯಕ್ಕೆ ಬಂದರೆ, ಮೊದಲನೆಯ ಬ್ಲಾಕಿನ ಕೆಳಗೆ ಯಾರೂ ಬಳಸದ ಶೌಚಾಲಯವೋ ನೆಲದ ಜಾಲರಿಯೋ ಇದೆಯೇ? ಬಳಸದಿದ್ದರೆ ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಬಾಗು, ಅಂದರೆ ಟ್ರ್ಯಾಪಿನ, ನೀರು ಆರಿಹೋಗಿ ಒಳಗಿನ ಗಾಳಿ ನೇರ ಮೇಲೆ ಬರುತ್ತದೆ.

ಸಂಘದ_ಕಾರ್ಯದರ್ಶಿ
ಚಾಲಕರಿಗೆಂದು ಕಟ್ಟಿಸಿದ ಶೌಚಾಲಯವೊಂದಿದೆ, ಬಹಳ ಕಾಲದಿಂದ ಬೀಗ ಹಾಕಿದೆ. ಬೀಗದ ಕೈ ಯಾರ ಬಳಿಯಿದೆ ಎಂದು ವಿಚಾರಿಸುತ್ತಿದ್ದೇನೆ.

ಪ್ಲಂಬಿಂಗ್_ರಾಮನಗರ
ಸಿಕ್ಕಿದೊಡನೆ ಅಲ್ಲಿನ ಎಲ್ಲ ಟ್ರ್ಯಾಪುಗಳಿಗೂ ಎರಡು ಚೊಂಬು ನೀರು ಹಾಕಿಸಿ ನೋಡಿ. ಅದಕ್ಕೂ ವಾಸನೆ ನಿಲ್ಲದಿದ್ದರೆ ಪೈಪಿಗೆ ಹೊಗೆ ಊದಿ ಎಲ್ಲಿ ಹೊರಬರುತ್ತದೆಂದು ನೋಡುವ ಹೊಗೆ ಪರೀಕ್ಷೆಯ ಬಗ್ಗೆ ಮಾತನಾಡೋಣ.